ಮಲ ನೋಡಿ ಎದೆಹಾಲು ನಿಲ್ಲಿಸಬೇಡಿ

ಮಕ್ಕಳ ವೈದ್ಯೆಯಾದ ನನ್ನ ಬಳಿ ಎರಡು-ಮೂರು ತಿಂಗಳ ಕೂಸುಗಳನ್ನು ಎತ್ತಿಕೊಂಡು ಬರುವವರ ದೂರು ಬಹುಮಟ್ಟಿಗೆ ಒಂದೇ: "ಮೇಡಂ, ಮಗುಗೆ ಹಾಲು ಒಗ್ತಿಲ್ಲ. ಕುಡಿದ ತಕ್ಷಣ ಕಕ್ಕ ಮಾಡುತ್ತೆ, ಬರೀ ನೀರು, ನೊರೆ." ಕೆಲವರ ಕೈಯಲ್ಲಿ ಮಲಪರೀಕ್ಷೆಯ ರಿಪೋರ್ಟೂ ಇರುತ್ತದೆ. ಮಲದಲ್ಲಿ ಸಕ್ಕರೆ ಅಂಶ ಇದೆ, ಹುಳಿ ಇದೆ ಅಂತ. ಲ್ಯಾಕ್ಟೋಸ್, ಅಂದರೆ ಹಾಲಿನಲ್ಲಿರುವ ಸಕ್ಕರೆ, ಇಲ್ಲದ ಪುಡಿಹಾಲಿನ ಡಬ್ಬಿಯೂ ಆಗಲೇ ಮನೆಗೆ ಬಂದಿರುತ್ತದೆ.

ನಾನು ರಿಪೋರ್ಟ್ ಪಕ್ಕಕ್ಕಿಟ್ಟು ಮಗುವಿನ ಬಟ್ಟೆ ಬಿಚ್ಚಿಸಿ ತೂಕ ನೋಡುತ್ತೇನೆ. ತಾಯಿ ಕಾರ್ಡಿನಲ್ಲಿರುವ ಹಿಂದಿನ ತೂಕಕ್ಕಿಂತ ದಿನಕ್ಕೆ 20-30 ಗ್ರಾಂ ಲೆಕ್ಕದಲ್ಲಿ ಏರಿದ್ದು, ಮಗು ದಿನಕ್ಕೆ ಆರು ಸಲವೋ ಅದಕ್ಕಿಂತ ಹೆಚ್ಚೋ ಉಚ್ಚೆ ಮಾಡುತ್ತಿದ್ದರೆ ಹಾಲು ಒಗ್ಗಿದೆ ಅಂತಲೇ ಅರ್ಥ.

ಎದೆಹಾಲಿನಲ್ಲಿ 100 ಮಿ.ಲೀ.ಗೆ ಸುಮಾರು 7 ಗ್ರಾಂ ಲ್ಯಾಕ್ಟೋಸ್ ಇರುತ್ತದೆ, ಹಸುವಿನ ಹಾಲಿಗಿಂತ ಹೆಚ್ಚು. ದಿನಕ್ಕೆ 750 ಮಿ.ಲೀ. ಕುಡಿಯುವ ಕೂಸಿಗೆ 50 ಗ್ರಾಂ ದಾಟುತ್ತದೆ. ಸಣ್ಣ ಕರುಳಿನ ಲ್ಯಾಕ್ಟೇಸ್ ಕಿಣ್ವ ಅದನ್ನು ಗ್ಲೂಕೋಸ್, ಗ್ಯಾಲಕ್ಟೋಸ್ ಆಗಿ ಒಡೆಯುತ್ತದೆ. ಈ ವಯಸ್ಸಿನಲ್ಲಿ ಸ್ವಲ್ಪ ಲ್ಯಾಕ್ಟೋಸ್ ಒಡೆಯದೆ ದೊಡ್ಡ ಕರುಳಿಗೆ ಇಳಿಯುವುದು ಸಹಜ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸುವುದರಿಂದಲೇ ಗಾಳಿ, ನೊರೆ, ಹುಳಿ ವಾಸನೆ. ಹಾಗಾಗಿ ಆರೋಗ್ಯವಾಗಿರುವ ಎದೆಹಾಲಿನ ಮಗುವಿನಲ್ಲೂ ಆ ಮಲಪರೀಕ್ಷೆ ಪಾಸಿಟಿವ್ ಬರಬಹುದು. ಗೆಲುವಾಗಿರುವ ಮಗುವಿಗೆ ನಾನು ಅದನ್ನು ಬರೆದುಕೊಡುವುದೇ ಇಲ್ಲ.

ಇಷ್ಟು ಹೇಳಿ ಕಳಿಸಿದರೆ ಸಾಲದು, ಹಾಲು ಕುಡಿಸುವುದನ್ನು ಪಕ್ಕದಲ್ಲೇ ಕೂತು ನೋಡಬೇಕು. ಒಬ್ಬ ಬಾಣಂತಿ ಗಡಿಯಾರ ನೋಡಿಕೊಂಡು ಐದು ನಿಮಿಷಕ್ಕೊಮ್ಮೆ ಎದೆ ಬದಲಿಸುತ್ತಿದ್ದಳು. ಹಾಲು ಎಷ್ಟಿತ್ತೆಂದರೆ ಮಗು ಕೆಮ್ಮಿ ಬಾಯಿ ಬಿಟ್ಟರೆ ಸೀರೆಯ ಮೇಲೆ ಚಿಮ್ಮುತ್ತಿತ್ತು. ಮಗುವಿನ ಹೊಟ್ಟೆ ಗುಡುಗುಡು ಅನ್ನುತ್ತಿತ್ತು, ಕಕ್ಕ ಹಸಿರು, ಕುಂಡಿಯ ಸುತ್ತ ಚರ್ಮ ಕೆಂಪಗೆ. ಕುಡಿಯುತ್ತಾ ಹೋದಂತೆ ಹಾಲಿನಲ್ಲಿ ಕೊಬ್ಬು ಹೆಚ್ಚುತ್ತದೆ. ಬೇಗ ಬೇಗ ಎದೆ ಬದಲಿಸಿದರೆ ತೆಳು ಹಾಲೇ ಜಾಸ್ತಿ ಹೋಗಿ, ಕರುಳಿನಲ್ಲಿ ಬೇಗ ಸರಿದು, ಲ್ಯಾಕ್ಟೋಸ್ ಒಡೆಯಲು ಹೊತ್ತು ಸಿಗುವುದಿಲ್ಲ. "ಮಗು ತಾನಾಗಿ ಬಿಡೋವರೆಗೂ ಒಂದೇ ಕಡೆ ಕುಡಿಸಮ್ಮ, ಇನ್ನೂ ಬೇಕೆಂದರೆ ಇನ್ನೊಂದು ಕಡೆ" ಅಂದೆ. ಅವತ್ತು ಬಿಗಿದ ಮುಷ್ಟಿ ಸಡಿಲಿಸಿ, ತುಟಿಯಂಚಿನಲ್ಲಿ ಹಾಲಿಳಿಸಿಕೊಂಡೇ ಮಗು ಮಲಗಿತು. ಮುಂದಿನ ವಾರ ಬಂದಾಗ ನೊರೆ ತಗ್ಗಿತ್ತು. ಕಕ್ಕ ಆಮೇಲೂ ತೆಳ್ಳಗೇ ಇತ್ತು, ಇರಲಿ. ತೂಕ ಏರದ ಮಗುವಿಗೆ ಮಾತ್ರ ಈ ಸಲಹೆ ಕೊಡುವುದಿಲ್ಲ. ಅಲ್ಲಿ ಎರಡೂ ಕಡೆ ಕುಡಿಸಬೇಕು, ಕಾರಣ ಹುಡುಕಬೇಕು.

ಬಾಣಂತಿಗೆ ಹಾಲು-ಮೊಸರು ಬಿಡಿಸುವ ಅಜ್ಜಿಯರಿಗೂ ಹೇಳುತ್ತೇನೆ: ಲ್ಯಾಕ್ಟೋಸ್ ತಯಾರಾಗುವುದು ಎದೆಯಲ್ಲೇ, ಆಕೆ ಹಾಲು ಬಿಟ್ಟರೆ ಅದೇನೂ ಕಡಿಮೆಯಾಗುವುದಿಲ್ಲ ಅಜ್ಜಿ, ಅವಳು ಹೊಟ್ಟೆ ತುಂಬ ಉಣ್ಣಲಿ.

ಹುಟ್ಟಿನಿಂದಲೇ ಲ್ಯಾಕ್ಟೇಸ್ ಇಲ್ಲದಿರುವುದು ಅತಿ ಅಪರೂಪ. ಹೆಚ್ಚಿನ ಪ್ರಕರಣಗಳು ಕಂಡಿರುವುದು ಫಿನ್ಲೆಂಡಿನಲ್ಲಿ. ಅಂಥ ಮಗು ಮೊದಲ ದಿನಗಳಲ್ಲೇ ವಿಪರೀತ ಭೇದಿಯಿಂದ ಸೊರಗುತ್ತದೆ. ನಮ್ಮಲ್ಲಿ ಕಾಣುವುದು ವಾಂತಿ-ಭೇದಿಯಾದ ಮೇಲೆ ಕರುಳಿನ ಒಳಪದರ ಹಾಳಾಗಿ ಕೆಲ ಕಾಲ ಲ್ಯಾಕ್ಟೇಸ್ ಕುಗ್ಗುವುದು. ಆಗಲೂ ನಾನು ಎದೆಹಾಲು ನಿಲ್ಲಿಸುವುದಿಲ್ಲ, ಓಆರ್‌ಎಸ್ ಜೊತೆ ಅದನ್ನೇ ಮುಂದುವರಿಸುತ್ತೇನೆ. ಮಲದಲ್ಲಿ ರಕ್ತ, ಹಸಿರು ವಾಂತಿ, ಜ್ವರ, ಉಚ್ಚೆ ಕಡಿಮೆ, ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಕರೆತನ್ನಿ ಅಂತ ಪ್ರತಿ ತಾಯಿಯ ಕಾರ್ಡಿನ ಹಿಂದೆ ಬರೆದುಕೊಡುತ್ತೇನೆ.