ಬರೆ ಕಡಿಯದೆ ಕಟ್ಟಿದ ಎರಡು ಬಾಗಿಲ ಕಟ್ಟಡ

ನಾನು ಸಿವಿಲ್ ಇಂಜಿನಿಯರ್. ಮಡಿಕೇರಿಯಲ್ಲಿ ಸಣ್ಣ ಆಫೀಸು. ಮನೆ, ಹೋಂಸ್ಟೇ, ತೋಟದ ಗೋದಾಮು, ಹೆಚ್ಚಾಗಿ ಇವೇ ಕೆಲಸ. ನಡುವೆ ಎರಡು ಕಾಲೇಜು ಕಟ್ಟಡಗಳನ್ನೂ ಮಾಡಿದ್ದೇನೆ. ಅಂಗವೈಕಲ್ಯ ಇರುವವರೂ ಸಲೀಸಾಗಿ ಓಡಾಡಲೆಂದು ಕಟ್ಟಿದ ಎರಡನೆಯದರ ಬಗ್ಗೆ ಬರೆಯುವ ಮುಂಚೆ ಮೊದಲನೆಯದರಲ್ಲಿ ನಾನು ಮಾಡಿದ ತಪ್ಪು ಹೇಳಲೇಬೇಕು.

ಅಲ್ಲಿ ರ‍್ಯಾಂಪ್ ಮಾಡಿದ್ದೆ. 1:12 ಇಳಿಜಾರು, ಅಂದರೆ ಒಂದಡಿ ಏರಲು ಹನ್ನೆರಡು ಅಡಿ ಉದ್ದ. ಅಗಲ, ಕಂಬಿ ಎಲ್ಲ ನಿಯಮದ ಪ್ರಕಾರವೇ ಇತ್ತು. ಫೋಟೋ ತೆಗೆದು ಬಿಲ್ ಜೊತೆ ಕೊಟ್ಟೆ. ಜುಲೈ ಬಂತು. ಆರು ವಾರ ಬಿಸಿಲೇ ಇಲ್ಲ. ರ‍್ಯಾಂಪ್ ಮೇಲೆ ಹಸಿರು ಪಾಚಿ ಕಟ್ಟಿತು. ಊರುಗೋಲಿನಲ್ಲಿ ಓಡಾಡುವ ಮೇಷ್ಟ್ರೊಬ್ಬರು ಅಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ವಾಸಿಯಾಗಿ ಬಂದ ಮೇಲೆ ಅವರು ಪಕ್ಕದ ಮೆಟ್ಟಿಲನ್ನೇ ಹತ್ತತೊಡಗಿದರು. ನನ್ನ ಅಳತೆ ಸರಿ ಇತ್ತು, ಲೆಕ್ಕದಲ್ಲಿ ಮಳೆ ಇರಲಿಲ್ಲ ಅಷ್ಟೇ.

ಹಾಗಾಗಿ ಎರಡನೇ ಕೆಲಸ ಬಂದಾಗ ಡ್ರಾಯಿಂಗ್‌ಗೆ ಕೈ ಹಾಕುವ ಮೊದಲು ಆ ಕಾಲೇಜಿನ ನಾಲ್ಕು ಜನರ ಜೊತೆ ಮಳೆಯಲ್ಲೇ ಸುತ್ತಾಡಿದೆ. ವೀಲ್‌ಚೇರ್‌ನಲ್ಲಿ ಓಡಾಡುವ ಬಿ.ಕಾಂ. ಹುಡುಗಿ, ಕಣ್ಣು ಕಾಣದ ಹುಡುಗ, ಕಿವಿ ಮಂದವಾದ ಆಫೀಸ್ ಗುಮಾಸ್ತರು, ಮೊಣಕಾಲು ನೋವಿನ ಅಟೆಂಡರ್ ಅಕ್ಕ. ಪುಸ್ತಕ ಓದಿ ತಿಳಿಯದ ಎರಡು ಸಂಗತಿ ಆ ದಿನ ಗೊತ್ತಾಯಿತು.

ಒಂದು, ಮನುಷ್ಯನಿಗೆ ಕೈ ಇರೋದು ಎರಡೇ. ಆ ಹುಡುಗನ ಒಂದು ಕೈಯಲ್ಲಿ ಬಿಳಿ ಕೋಲು, ಇನ್ನೊಂದರಲ್ಲಿ ಕೊಡೆ. ನಾವು ಖರ್ಚು ಮಾಡಿ ಹಾಕುವ ಕಂಬಿಯನ್ನು ಹಿಡಿಯುವವರು ಯಾರು? ಊರುಗೋಲಿನವರಿಗೆ ಕೊಡೆ ಹಿಡಿಯುವುದೇ ಆಗುವುದಿಲ್ಲ. ಎರಡನೆಯದು ಅವನೇ ಹೇಳಿದ್ದು. ಶೀಟು ಹಾಕಿದ ವರಾಂಡದ ಕೆಳಗೆ ನಿಂತಿದ್ದೆವು. ಮೇಲೆ ಮಳೆ ಧೋ ಅನ್ನುತ್ತಿತ್ತು. "ಸರ್, ಮಳೆಗಾಲದಲ್ಲಿ ನಂಗೆ ಕಿವಿನೂ ಇರಲ್ಲ" ಅಂದ. ಕೋಲಿನ ಸದ್ದು, ಎದುರಿಗೆ ಬರುವವರ ಹೆಜ್ಜೆ, ಯಾವ ರೂಮಿನಲ್ಲಿ ಯಾರ ಪಾಠ, ಎಲ್ಲವನ್ನೂ ಆ ಶೀಟಿನ ಸದ್ದು ನುಂಗಿಬಿಡುತ್ತದೆ. ಗುಮಾಸ್ತರು ಅವನ ತುಟಿ ನೋಡುತ್ತಾ ಹೌದೆಂದು ತಲೆ ಆಡಿಸಿದರು.

ಆಮೇಲೆ ಜಾಗದ ವಿಷಯ. ನಮ್ಮಲ್ಲಿ ಸಮತಟ್ಟು ಜಾಗ ಅಂದರೆ ಗದ್ದೆ, ಇಲ್ಲವೇ ಕಾಫಿ ಒಣಗಿಸುವ ಕಣ. ಕಾಲೇಜಿಗೆ ಸಿಕ್ಕಿದ್ದು ಗುಡ್ಡದ ಇಳಿಜಾರು. ಮೇಲೊಂದು ರಸ್ತೆ, ಕೆಳಗೊಂದು ರಸ್ತೆ. ಗುಡ್ಡ ಕಡಿದು ಮಟ್ಟ ಮಾಡಿ, ಎರಡು ಅಂತಸ್ತು ಕಟ್ಟಿ, ಲಿಫ್ಟ್ ಹಾಕಿಬಿಡಿ ಅಂತ ಆಡಳಿತ ಮಂಡಳಿಯವರು ಹೇಳಿದರು. ನಾನು ಒಪ್ಪಲಿಲ್ಲ. 2018ರ ಆಗಸ್ಟ್‌ನ ಭೂಕುಸಿತ ನೋಡಿದ ಮೇಲೆ ಇಲ್ಲಿ ಬರೆ, ಅಂದರೆ ಗುಡ್ಡದ ಇಳಿಜಾರು, ಕಡಿಯುವುದು ಅಂದರೆ ನನಗೆ ನಿದ್ದೆ ಬರುವುದಿಲ್ಲ. ಇನ್ನು ಲಿಫ್ಟ್? ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದ ಊರಲ್ಲಿ ಬರೀ ಲಿಫ್ಟನ್ನು ನಂಬಿದರೆ ಆ ಹುಡುಗಿ ಮೇಲೆಯೇ ಸಿಕ್ಕಿಹಾಕಿಕೊಳ್ಳುತ್ತಾಳೆ.

ಎರಡು ರಸ್ತೆಗಳ ನಡುವಿನ ಎತ್ತರ ಅಳೆದೆ. 3.6 ಮೀಟರ್. ಇದನ್ನು ರ‍್ಯಾಂಪ್‌ನಲ್ಲಿ ಏರಿಸಬೇಕಾದರೆ 43 ಮೀಟರ್ ಬೇಕು. ನಡುನಡುವೆ ನಿಂತು ಸುಧಾರಿಸಿಕೊಳ್ಳುವ ಮಟ್ಟದ ಜಾಗ ಸೇರಿಸಿದರೆ 50 ಹತ್ತಿರ. ತೋಳಿನ ಬಲದಲ್ಲಿ ಚಕ್ರ ತಳ್ಳುವವರಿಗೆ ಅದು ಶಿಕ್ಷೆಯೇ. ಆದರೆ 3.6 ಮೀಟರ್ ಅಂದರೆ ಹೆಚ್ಚುಕಡಿಮೆ ಒಂದು ಅಂತಸ್ತಿನ ಎತ್ತರ ಅಲ್ವಾ? ಮೇಲಿನ ರಸ್ತೆಯಿಂದ ನೇರ ಮೊದಲ ಮಹಡಿಗೆ, ಕೆಳಗಿನ ರಸ್ತೆಯಿಂದ ನೆಲ ಮಹಡಿಗೆ ಹೋದರಾಯಿತು. ಎರಡೂ ಮುಂಬಾಗಿಲೇ. ಹಿಂದಿನಿಂದ ಬನ್ನಿ ಅಂತ ಯಾರಿಗೂ ಹೇಳಬೇಕಿಲ್ಲ.

ಕಟ್ಟಡವನ್ನು ಬರೆಗೆ ಒರಗಿಸದೆ ಎರಡೂವರೆ ಮೀಟರ್ ಬಿಟ್ಟು ಕಟ್ಟಿ, ನಡುವೆ ಮಟ್ಟದ ಸೇತುವೆ ಹಾಕಿದೆವು. ಅಗಲ 1.8 ಮೀಟರ್. ಎರಡು ವೀಲ್‌ಚೇರ್ ಎದುರುಬದುರಾಗಿ ದಾಟಬಹುದು. ಕೆಳಗಿನ ಆ ಸಂದಿಯಲ್ಲಿ ಗುಡ್ಡದ ನೀರು ಚರಂಡಿ ಸೇರುತ್ತದೆ, ಗೋಡೆಗೆ ತೇವ ಹಿಡಿಯುವುದಿಲ್ಲ. ಸೇತುವೆಗೆ, ವರಾಂಡಕ್ಕೆ ಶೀಟಿನ ಬದಲು ಮಂಗಳೂರು ಹೆಂಚು ಹಾಕಿಸಿದೆ. ಹೆಂಚಿನ ಮೇಲೆ ಮಳೆ ಬಿದ್ದರೆ ಸದ್ದು ಎಷ್ಟೋ ಕಡಿಮೆ. ಖರ್ಚು ಜಾಸ್ತಿ ಆಯಿತು. ಮಂಗಗಳು ಹೆಂಚು ಒಡೆಯುತ್ತವೆ ಅಂತ ಈಗಲೂ ದೂರು ಬರುತ್ತದೆ. ಅದು ನಿಜ.

ಕೆಳಗಿನ ಬಾಗಿಲಿಗೆ 45 ಸೆಂಟಿಮೀಟರ್ ಏರು ತಪ್ಪಲಿಲ್ಲ. ಅಲ್ಲಿ 1:15 ಲೆಕ್ಕದಲ್ಲಿ ಏಳು ಮೀಟರಿಗೆ ಸ್ವಲ್ಪ ಕಡಿಮೆ ಉದ್ದದ ರ‍್ಯಾಂಪ್ ಮಾಡಿದೆವು, ಮೇಲೆ ಮಾಡು ಹಾಕಿ. ಮೇಸ್ತ್ರಿಗೆ ಸಿಮೆಂಟನ್ನು ಕನ್ನಡಿ ಹಾಗೆ ತೇಯುವುದೇ ಹೆಮ್ಮೆ. ಅದು ಬೇಡ, ಹಸಿ ಇರುವಾಗಲೇ ತೆಂಗಿನ ಗರಿಯ ಪೊರಕೆ ಅಡ್ಡ ಎಳೆಯಿರಿ ಅಂದಾಗ ಅವರಿಗೆ ಬೇಸರವೇ ಆಯಿತು. "ಎಷ್ಟು ಚೆಂದ ಮಾಡ್ತಿದ್ದೆ ಸಾರ್" ಅಂದರು. ಪಾಚಿ ಈಗಲೂ ಅಂಚಿನಲ್ಲಿ ಬರುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಉಜ್ಜಬೇಕೆಂದು ಅಟೆಂಡರ್ ಅಕ್ಕನ ಬಳಿ ಹೇಳಿದ್ದೇನೆ, ಅವರು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡಿದ್ದಾರೆ. ಕೈಕಂಬಿ ಎರಡು ಎತ್ತರದಲ್ಲಿದೆ, 76 ಮತ್ತು 90 ಸೆಂಟಿಮೀಟರ್. ಸ್ಟೀಲ್ ಕಂಬಿ ಜುಲೈನ ಬೆಳಿಗ್ಗೆ ಮಂಜುಗಡ್ಡೆ ಮುಟ್ಟಿದ ಹಾಗಿರುತ್ತದೆ, ಅದಕ್ಕೆ ಮೇಲಿನದು ಹೆಬ್ಬಲಸಿನ ಮರದ್ದು.

ಜಾಸ್ತಿ ಜಗಳ ಆಗಿದ್ದು ಹೊಸ್ತಿಲಿಗೆ. ಹೊಸ್ತಿಲು ಇಲ್ಲದಿದ್ದರೆ ಇರಚಲು ನೀರು ಒಳಗೆ ನುಗ್ಗುತ್ತದೆ ಎಂದು ಮೇಸ್ತ್ರಿ ಪಟ್ಟು ಹಿಡಿದರು. ಅವರ ಮಾತಿನಲ್ಲಿ ಅರ್ಥವಿತ್ತು. ಕೊನೆಗೆ ಬಾಗಿಲ ಮುಂದೆ ಅಡ್ಡಲಾಗಿ ಸಣ್ಣ ಕಾಲುವೆ ತೋಡಿ ಮೇಲೆ ಕಬ್ಬಿಣದ ಜಾಲರಿ ಮುಚ್ಚಿದೆವು. ಹುಡುಗಿಯನ್ನು ಕರೆದು ತೋರಿಸಿದೆ. ಅವಳು ಒಂದೇ ಸಲ ಚಕ್ರ ತಳ್ಳಿದಳು. ಮುಂದಿನ ಪುಟ್ಟ ಚಕ್ರ ಜಾಲರಿಯ ಸಂದಿಯಲ್ಲಿ ಕಚ್ಚಿಕೊಂಡಿತು. ಕುರ್ಚಿ ಗಕ್ಕನೆ ನಿಂತು ಅವಳು ಮುಂದಕ್ಕೆ ಮುಗ್ಗರಿಸಿದಳು. ಬೀಳಲಿಲ್ಲ, ನನ್ನ ಭುಜ ಹಿಡಿದಳು. ಪಟ್ಟಿಗಳನ್ನು ನಡೆಯುವ ದಿಕ್ಕಿಗೇ ಉದ್ದ ಇಟ್ಟಿದ್ದೆವು. ಅಡ್ಡಕ್ಕೆ ಇಡಬೇಕಿತ್ತು, ಸಂದಿ 12 ಮಿಲಿಮೀಟರ್ ಮೀರಬಾರದಿತ್ತು. ನಮ್ಮದು 25 ಇತ್ತು. ಮೇಸ್ತ್ರಿ ಏನೂ ಹೇಳಲಿಲ್ಲ. ಅವಳು ಹೋದ ಮೇಲೆ ತಾವೇ ಒಂದು ವೀಲ್‌ಚೇರ್‌ನಲ್ಲಿ ಕೂತು ಇಡೀ ಕಟ್ಟಡ ಸುತ್ತಿದರು. ಆಮೇಲೆ ಸ್ವಿಚ್ ಬೋರ್ಡ್‌ಗಳನ್ನು ಕೆಳಗಿಳಿಸಬೇಕು ಎಂದದ್ದು ಅವರೇ, ನಾನಲ್ಲ.

ಶೌಚಾಲಯದ್ದು ಎಲ್ಲರಿಗೂ ಗೊತ್ತಿರುವ ಕಥೆ. ಬಾಗಿಲು 90 ಸೆಂಟಿಮೀಟರ್, ಹೊರಗೆ ತೆರೆಯುವಂತೆ, ಒಳಗೆ ಕುರ್ಚಿ ತಿರುಗಲು ಒಂದೂವರೆ ಮೀಟರ್ ಜಾಗ, ಹಿಡಿಕೆ. ಮೂರೇ ತಿಂಗಳಲ್ಲಿ ಅದಕ್ಕೆ ಬೀಗ ಬಿತ್ತು, ಒಳಗೆ ಪೊರಕೆ, ಬಕೆಟ್. ಪ್ರತಿ ಮಹಡಿಗೂ ಪೊರಕೆ ಇಡಲು ಒಂದು ಗೂಡು ಕಟ್ಟಿಸಿಕೊಟ್ಟ ಮೇಲೆ ಬೀಗ ಹೋಯಿತು. ಅದನ್ನು ಮೊದಲೇ ಯೋಚಿಸಬೇಕಿತ್ತು.

ಬಣ್ಣದಲ್ಲೂ ಒಂದು ಪಾಠ ಕಲಿತೆ. ಬೂದು ನೆಲ, ಬೂದು ಗೋಡೆ, ಹೊರಗೆ ಮಂಜು. ಮಂದ ದೃಷ್ಟಿಯವರಿಗೆ ಮೆಟ್ಟಿಲು ಎಲ್ಲಿ ಮುಗಿಯಿತೆಂದೇ ತಿಳಿಯುವುದಿಲ್ಲ. ಮೆಟ್ಟಿಲ ಅಂಚಿಗೆಲ್ಲ ಹಳದಿ ಪಟ್ಟಿ ಬಳಿಸಿದೆ. ಇದರ ಖರ್ಚು ಏನೂ ಇಲ್ಲ, ಉಪಕಾರ ಮಾತ್ರ ಎಲ್ಲರಿಗೂ.

ಇಷ್ಟೆಲ್ಲ ಯಾಕೆ ಅಂತ ಕೇಳಿದವರಿದ್ದಾರೆ. ಇರುವುದು ನಾಲ್ಕೇ ಜನ ಅಂದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇಕಡಾ 5 ಸೀಟು ನಿಗದಿತ ಪ್ರಮಾಣದ ಅಂಗವೈಕಲ್ಯ ಇರುವವರಿಗೆ ಮೀಸಲು. ಸೀಟು ಕೊಟ್ಟು ಮೆಟ್ಟಿಲ ಕೆಳಗೆ ನಿಲ್ಲಿಸಿದರೆ ನಾಲ್ಕೇ ಜನ ಇರುತ್ತಾರೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಇಂಥ ಅಳತೆಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯ ಆಗಬೇಕು ಎಂದಿದೆ.

ಆದರೆ ನನ್ನ ಕಟ್ಟಡವೂ ಪೂರ್ತಿ ಸರಿ ಇಲ್ಲ. ಕಂಪ್ಯೂಟರ್ ಲ್ಯಾಬ್ ಕೆಳಗಿದೆ. ಮೇಲಿನ ಕ್ಲಾಸಿನಿಂದ ಅಲ್ಲಿಗೆ ಹೋಗಲು ಆ ಹುಡುಗಿ ಹೊರಗೆ ಬಂದು, ರಸ್ತೆಯಲ್ಲಿ ಸುತ್ತಿ ಇಳಿಯಬೇಕು. ಮಳೆ ಬಂದರೆ ಆಟೋ. ಲ್ಯಾಬ್ ಇರುವ ದಿನ ಅವಳ ಉಳಿದ ಕ್ಲಾಸುಗಳನ್ನೂ ಕೆಳಗೇ ಇಡುವಂತೆ ಟೈಮ್‌ಟೇಬಲ್ ಬದಲಿಸಿದ್ದಾರೆ. ಕರೆಂಟ್ ಇದ್ದ ದಿನವಾದರೂ ಆಗಲಿ ಎಂದು ಲಿಫ್ಟಿಗೆ ಜಾಗ ಬಿಟ್ಟಿದ್ದೇನೆ. ದುಡ್ಡು ಇನ್ನೂ ಬಂದಿಲ್ಲ, ಅಲ್ಲಿ ಈಗ ಮುರಿದ ಬೆಂಚುಗಳಿವೆ. ಮೊನ್ನೆ ಹೋದಾಗ ತೆಗೆಸಿ ಅಂತ ಮತ್ತೊಮ್ಮೆ ಹೇಳಿ ಬಂದೆ.