ಮುಳಶಿಯ ನಮ್ಮ ಕೆರೆ: ಏರಿ ಕಾಯುವ ಕೆಲಸ

ಪುಣೆಯ ನಾವು ಕೆಲವು ಕನ್ನಡ ಕುಟುಂಬಗಳು ಸೇರಿ ಮುಳಶಿ ತಾಲೂಕಿನಲ್ಲಿ ಜಾಗ ಕೊಂಡಿದ್ದೇವೆ. ಹಿಂದಿನ ಮಾಲೀಕರು ಅಲ್ಲಿನ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ಒಂದು ಕೆರೆ ಮಾಡಿದ್ದರು. ದೋಣಿ ಬಿಡಲು, ಮೀನು ಹಿಡಿಯಲು, ದಡದಲ್ಲಿ ಕೂತು ಚಹಾ ಕುಡಿಯಲು. ಹೊಲಕ್ಕೆ ನೀರು ಬಿಡುವ ಕೆರೆ ಅಲ್ಲ. ಆದ್ದರಿಂದ ಅದಕ್ಕೆ ನೀರುಗಂಟಿಯೂ ಇರಲಿಲ್ಲ, ದಿನಾ ನೋಡುವವರೂ ಇರಲಿಲ್ಲ. ನಾನು ನೀರಾವರಿ ಕೆಲಸದಲ್ಲೇ ವಯಸ್ಸು ಕಳೆದವನು. ಏರಿ ನೋಡಿಕೊಳ್ಳುವ ಹೊಣೆ ನಾನೇ ಕೇಳಿ ತೆಗೆದುಕೊಂಡೆ.

ಏರಿಯ ಎತ್ತರ ಸುಮಾರು 20 ಅಡಿ, ಅಂದರೆ 6 ಮೀಟರ್. ನೀರು ಹರಡುವುದು ಎರಡು ಎಕರೆ. ಚಿಕ್ಕದು ಅನಿಸುತ್ತದೆ, ಅಲ್ವಾ? ಸರಾಸರಿ ಎರಡೂವರೆ ಮೀಟರ್ ಆಳ ಹಿಡಿದರೂ ಎರಡು ಕೋಟಿ ಲೀಟರ್ ನೀರು. ಅಂದರೆ 20 ಸಾವಿರ ಟನ್ ತೂಕ. ಕೆಳಗೆ ಹಳ್ಳದ ಪಕ್ಕದಲ್ಲೇ ಒಂದು ವಸ್ತಿ (ಕೆಲವು ಮನೆಗಳ ಸಣ್ಣ ಊರು) ಇದೆ, ಶಾಲೆಗೆ ಹೋಗುವ ಮಕ್ಕಳ ದಾರಿ ಇದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಅನ್ವಯಿಸುವುದು 15 ಮೀಟರಿಗಿಂತ ಎತ್ತರದವಕ್ಕೆ. 10ರಿಂದ 15 ಮೀಟರ್ ಇದ್ದರೆ ಉದ್ದ, ನೀರಿನ ಪ್ರಮಾಣ ಇತ್ಯಾದಿ ನೋಡಿ ಸೇರಿಸುತ್ತಾರೆ. ನಮ್ಮದು ಆ ಲೆಕ್ಕಕ್ಕೆ ಬರುವುದೇ ಇಲ್ಲ. ನಾವು ನೋಡದಿದ್ದರೆ ಯಾರೂ ನೋಡುವುದಿಲ್ಲ.

ಕೆರೆಗೆ ಬಂದವರೆಲ್ಲ ನೀರಿನ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಏರಿಯ ಕಾಯಿಲೆ ಕಾಣುವುದು ಜಾಸ್ತಿ ಹಿಂಬದಿಯಲ್ಲಿ. ಅಲ್ಲಿ ಆಳೆತ್ತರ ಹುಲ್ಲು, ಲಂಟಾನ ಬೆಳೆದಿತ್ತು. ನಾನು ಮೊದಲು ಮಾಡಿಸಿದ್ದು ಅದನ್ನು ಸವರಿಸುವ ಕೆಲಸ. ಅದು ಆದ ಮೇಲೆಯೇ ಏರಿಯ ಬುಡದಲ್ಲಿ ಒಂದು ಕಡೆ ನೆಲ ಒದ್ದೆಯಾಗಿರುವುದು ಕಂಡಿತು. ನಮ್ಮ ವಾಚ್‌ಮನ್ ವಿಜಯಪುರ ಕಡೆಯವರು. ಅವರು ಕಾಲಿನಿಂದಲೇ ಒತ್ತಿ ನೋಡಿ, “ಸಾಹೇಬ್ರ, ಇಲ್ಲಿ ಮಣ್ಣು ಮೆತ್ತಗಾಗೇತ್ರಿ” ಅಂದರು. ಬೇಸಿಗೆಯಲ್ಲಿ, ಸುತ್ತಲೆಲ್ಲ ನೆಲ ಒಣಗಿರುವಾಗ, ಅಷ್ಟೇ ಜಾಗದಲ್ಲಿ ಹಸಿರು ಹುಲ್ಲಿತ್ತು.

ಮಣ್ಣಿನ ಏರಿ ಸ್ವಲ್ಪ ಜಿನುಗುವುದು ಸಹಜ. ನೋಡಬೇಕಾದ್ದು ಎರಡು ವಿಷಯ. ಬರುವ ನೀರು ತಿಳಿಯಾಗಿದೆಯೇ, ಕೆಸರಾಗಿದೆಯೇ? ಕೆರೆಯ ಮಟ್ಟ ಅಷ್ಟೇ ಇದ್ದಾಗಲೂ ಜಿನುಗು ಹೆಚ್ಚುತ್ತಿದೆಯೇ? ಕೆಸರು ಬಂದರೆ ನೀರು ಒಳಗಿನ ಮಣ್ಣನ್ನು ಹೊತ್ತು ತರುತ್ತಿದೆ ಎಂದರ್ಥ. ಹಾಗೆ ಶುರುವಾದ ಸಣ್ಣ ದಾರಿ ಒಳಗೊಳಗೇ ಕೊರೆದು ದೊಡ್ಡದಾಗುತ್ತದೆ. ಕೊನೆಯ ಹಂತದಲ್ಲಿ ಕೆಲವೇ ಗಂಟೆಗಳಲ್ಲಿ ಏರಿಯೇ ಹೋಗಬಹುದು. ನಾವು ಒದ್ದೆ ಜಾಗದಿಂದ ಸಣ್ಣ ಕಾಲುವೆ ತೆಗೆದು ತುದಿಗೆ ಪೈಪಿನ ತುಂಡು ಇಟ್ಟೆವು. ಬಕೆಟ್ ತುಂಬಲು ಎಷ್ಟು ಸೆಕೆಂಡ್ ಬೇಕು ಎಂದು ವಾಚ್‌ಮನ್ ಬರೆದಿಡುತ್ತಾರೆ. ಪಕ್ಕದಲ್ಲೇ ಆ ದಿನದ ಕೆರೆಯ ಮಟ್ಟ. ಒಂದು ಗಾಜಿನ ಬಾಟಲಿಯಲ್ಲಿ ನೀರು ಹಿಡಿದು ರಾತ್ರಿಯಿಡೀ ಇಡುತ್ತಾರೆ. ತಳದಲ್ಲಿ ಮಣ್ಣು ಕೂತರೆ ನನಗೆ ಫೋನ್.

ಸೋರುವ ಜಾಗಕ್ಕೆ ಹಿಂಬದಿಯಿಂದ ಜೇಡಿಮಣ್ಣು, ಸಿಮೆಂಟು ಹಾಕಿ ಮುಚ್ಚಿಬಿಡೋಣ ಎಂದು ನಮ್ಮವರಲ್ಲೇ ಕೆಲವರು ಹೇಳಿದರು. ಇದನ್ನು ದಯವಿಟ್ಟು ಯಾರೂ ಮಾಡಬೇಡಿ. ಬಾಯಿ ಕಟ್ಟಿದರೆ ಒಳಗೆ ಒತ್ತಡ ಏರುತ್ತದೆ, ನೀರು ಬೇರೆ ದಾರಿ ಹುಡುಕುತ್ತದೆ. ನೀರು ಹೊರಗೆ ಬರಲಿ, ಮಣ್ಣು ಬರಬಾರದು. ಅದಕ್ಕಾಗಿ ಮೊದಲು ತೊಳೆದ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ದಪ್ಪ ಜಲ್ಲಿ, ಎಲ್ಲದರ ಮೇಲೆ ಭಾರಕ್ಕೆ ಕಲ್ಲು ಹೇರಿಸಿದೆವು. ಈ ಕ್ರಮ ತಪ್ಪಬಾರದು. ದಪ್ಪ ಜಲ್ಲಿಯನ್ನೇ ಮೊದಲು ಸುರಿದರೆ ಅದರ ಸಂದಿಯಲ್ಲಿ ಮಣ್ಣು ಜಾರಿ ಹೋಗುತ್ತದೆ.

ಎಲ್ಲರ ಜೊತೆ ಜಾಸ್ತಿ ಮಾತಾಗಿದ್ದು ಕೋಡಿಯ ವಿಷಯದಲ್ಲಿ, ಅಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಹೋಗುವ ದಾರಿಯ ವಿಷಯದಲ್ಲಿ. ರೋಹು, ಕಟ್ಲಾ ಮೀನು ಕೊಚ್ಚಿ ಹೋಗಬಾರದೆಂದು ಕೋಡಿಗೆ ಅಡ್ಡಲಾಗಿ ಬಲೆ ಬಿಗಿದಿದ್ದರು. ಜುಲೈನಲ್ಲಿ ತಾಮ್ಹಿಣಿ ಘಾಟಿನ ಕಡೆಯಿಂದ ಬರುವ ಮಳೆ ಕಂಡವರಿಗೆ ಗೊತ್ತು, ಹಳ್ಳದಲ್ಲಿ ಕೊಂಬೆ, ಎಲೆ, ಪ್ಲಾಸ್ಟಿಕ್ ಎಲ್ಲ ಒಟ್ಟಿಗೆ ಬರುತ್ತವೆ. ಬಲೆ ಅರ್ಧ ಗಂಟೆಯಲ್ಲಿ ಗೋಡೆಯಾಗುತ್ತದೆ. ಆಮೇಲೆ ನೀರು ಏರಿಯ ಮೇಲೇ ಹತ್ತಬೇಕು. ತನ್ನ ಮೇಲಿಂದ ಹರಿಯುವ ನೀರನ್ನು ಮಣ್ಣಿನ ಏರಿ ತಡೆದುಕೊಳ್ಳುವುದಿಲ್ಲ, ಕೊಚ್ಚಿ ಹೋಗುತ್ತದೆ.

ಆಗ ನಾನು ಅವರಿಗೆ ಅಮೆರಿಕದ ಸೌತ್ ಫೋರ್ಕ್ ಅಣೆಕಟ್ಟಿನ ಕಥೆ ಹೇಳಿದೆ. ಪೆನ್ಸಿಲ್ವೇನಿಯಾದ ಶ್ರೀಮಂತರ ಮೀನುಗಾರಿಕೆ ಕ್ಲಬ್ಬಿನ ಕೆರೆ ಅದು, ಮಣ್ಣಿನ ಏರಿ. ಗಾಡಿ ಓಡಾಡಲೆಂದು ಏರಿಯ ತಲೆಯನ್ನು ತಗ್ಗಿಸಿದ್ದರು. ಕೋಡಿಗೆ ಮೀನಿನ ಜಾಲರಿ ಹಾಕಿದ್ದರು. ನೀರು ಇಳಿಸುವ ಪೈಪುಗಳನ್ನು ಕ್ಲಬ್ಬಿಗಿಂತ ಮೊದಲೇ ಯಾರೋ ಕಿತ್ತಿದ್ದರು, ಮತ್ತೆ ಹಾಕಿರಲಿಲ್ಲ. 1889ರ ಮೇ 31ರಂದು ಜೋರು ಮಳೆಗೆ ಏರಿ ಒಡೆಯಿತು. ಕೆಳಗಿನ ಜಾನ್ಸ್‌ಟೌನ್‌ನಲ್ಲಿ 2,209 ಜನ ಸತ್ತರು. ಮೋಜಿಗೆಂದು ಇಟ್ಟುಕೊಂಡ ಕೆರೆ ಅದು, ನಮ್ಮದರ ಹಾಗೆಯೇ. ಕಥೆ ಕೇಳಿದ ಮೇಲೆ ನಮ್ಮ ಕೋಡಿಯ ಬಲೆಯನ್ನು ಅದೇ ವಾರ ತೆಗೆಸಿದೆವು.

ಕೋಡಿಯ ಅಗಲವನ್ನೂ ಲೆಕ್ಕ ಹಾಕಿದೆ. ಕೆರೆಗೆ ನೀರು ಬರುವ ಗುಡ್ಡದ ಜಾಗ ಸುಮಾರು 20 ಹೆಕ್ಟೇರ್. ಗಂಟೆಗೆ 100 ಮಿ.ಮೀ. ಮಳೆ, ಅದರ ಮೂರರಲ್ಲಿ ಎರಡು ಪಾಲು ಹರಿದು ಬರುತ್ತದೆ ಎಂದು ಹಿಡಿದರೆ ಸೆಕೆಂಡಿಗೆ 3.7 ಘನಮೀಟರ್. ನಮ್ಮ ಕೋಡಿ ಎರಡೂವರೆ ಮೀಟರ್ ಅಗಲ. ಅದರ ಮೇಲೆ 60 ಸೆಂ.ಮೀ. ನೀರು ನಿಂತಾಗ ಹೊರಹೋಗುವುದು ಸುಮಾರು 2 ಘನಮೀಟರ್ ಮಾತ್ರ. ಐದು ಮೀಟರ್ ಹತ್ತಿರ ಬೇಕಿತ್ತು, ಆರು ಮಾಡಿಸಿದೆವು. ಕೆಳಗೆ ನೀರು ಕೊರೆಯದಂತೆ ಕಲ್ಲು ಹಾಸಿದೆವು. ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರು ತುಂಬಿದ ಕೊಳವೆ) ಹಿಡಿದು ಏರಿಯ ತಲೆ ಅಳೆದಾಗ ನಡುವೆ ಅರ್ಧ ಅಡಿ ಕುಸಿದಿತ್ತು. ಕಣ್ಣಿಗೆ ಅದು ಗೊತ್ತೇ ಆಗುವುದಿಲ್ಲ. ಮಟ್ಟ ಸರಿ ಮಾಡದೆ ಕೋಡಿ ಎಷ್ಟು ಅಗಲ ಮಾಡಿದರೂ ನೀರು ಮೊದಲು ಹತ್ತುವುದು ಅಲ್ಲೇ. ಅಲ್ಲಿ ಗಟ್ಟಿ ಮಣ್ಣನ್ನು ತೆಳುವಾಗಿ ಹಾಕಿ, ನೀರು ಚಿಮುಕಿಸಿ, ದಮ್ಮಸು ಹೊಡೆಸಿದೆವು.

ಮರಗಳ ವಿಷಯ ಮನಸ್ಸಿಗೆ ಕಷ್ಟವಾಯಿತು. ಏರಿಯ ಮೇಲೆ ನೆರಳಿಗೆಂದು ಗುಲ್‌ಮೊಹರ್ ನೆಟ್ಟಿದ್ದರು. ಮಕ್ಕಳು ಅದರ ಕೆಳಗೇ ಆಡಿ ಬೆಳೆದವರು. ಮರ ಸತ್ತ ಮೇಲೆ ಬೇರು ಕೊಳೆಯುತ್ತದೆ, ಬೇರಿದ್ದ ಜಾಗ ನೀರಿಗೆ ಕೊಳವೆಯಾಗುತ್ತದೆ. ಗಾಳಿಗೆ ಉರುಳಿದರೆ ಏರಿಯ ಮಣ್ಣನ್ನೇ ಕಿತ್ತುಕೊಂಡು ಹೋಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಕಡಿಸಿ, ಬೇರು ಅಗೆಸಿ, ಗುಂಡಿಯನ್ನು ಪದರ ಪದರವಾಗಿ ತುಂಬಿದೆವು. ಈಗ ಏರಿಯ ಮೇಲೆ ಗರಿಕೆ ಮಾತ್ರ. ಹೊಸ ಗಿಡಗಳು ಏರಿಯಿಂದ ದೂರ, ಗಟ್ಟಿ ನೆಲದ ದಡದಲ್ಲಿವೆ. ಏಡಿ, ಹೆಗ್ಗಣದ ಬಿಲಗಳನ್ನೂ ಮಳೆಗೆ ಮುಂಚೆ ಅಗೆದು ತುಂಬುತ್ತೇವೆ.

ಇಲ್ಲಿನ ಹಿರಿಯರಿಗೆ 1961ರ ಜುಲೈ 12 ಇನ್ನೂ ನೆನಪಿದೆ. ಪಾನಶೇತ್‌ನ ಮಣ್ಣಿನ ಅಣೆಕಟ್ಟು ಒಡೆದು, ಆ ನೀರಿಗೆ ಖಡಕ್‌ವಾಸಲಾ ಕೂಡ ಒಡೆದು, ಪುಣೆ ಮುಳುಗಿದ ದಿನ. ಅಲ್ಲಿ ಏರಿ ಕುಸಿದದ್ದು ನೀರು ಬಿಡುವ ಕೊಳವೆ ಹಾದುಹೋದ ಜಾಗದಲ್ಲಿ. 2019ರ ಜುಲೈ 2ರಂದು ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ಒಡೆಯಿತು. ಸೋರುತ್ತಿದೆ ಎಂದು ಊರವರು ಮೊದಲೇ ದೂರು ಕೊಟ್ಟಿದ್ದರು. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಕೆಳಗಿನವರಿಗೆ ಕಾಣುತ್ತಿತ್ತು, ಹೇಳಿದ್ದರು. ಆದ್ದರಿಂದ ನಮ್ಮ ಕೆಳಗಿನ ವಸ್ತಿಗೆ ನಾನೇ ಹೋಗಿ ಸರಪಂಚರ ಜೊತೆ ಕೂತು ಮಾತಾಡಿದೆ. ಪ್ರತಿ ಮನೆಯ ನಂಬರ್ ವಾಚ್‌ಮನ್ ಬಳಿ ಇದೆ, ಅವರ ನಂಬರ್ ಪ್ರತಿ ಮನೆಯಲ್ಲಿದೆ. ಓಡಬೇಕಾದರೆ ಯಾವ ದಿಬ್ಬಕ್ಕೆ ಎಂದು ಗುರುತು ಮಾಡಿದ್ದೇವೆ.

ನಮ್ಮ ಏರಿಯೊಳಗೂ ಕೆರೆಯ ನೀರು ಹೊರಬಿಡುವ ಒಂದು ಹಳೆಯ ಕಬ್ಬಿಣದ ಪೈಪ್ ಇತ್ತು, ತುಕ್ಕು ಹಿಡಿದು ತೂಬಿನ ವಾಲ್ವ್ ತಿರುಗುತ್ತಿರಲಿಲ್ಲ. ಅದನ್ನು ಉದ್ದಕ್ಕೂ ಸಿಮೆಂಟ್ ಹಾಲು ತುಂಬಿ ಮುಚ್ಚಿಸಿದೆವು. ಅದರ ಹಿಂಬದಿಯ ತುದಿಗೆ ಮೇಲೆ ಹೇಳಿದ ಮರಳು, ಜಲ್ಲಿಯ ಹೊದಿಕೆ ಬಂತು. ಬದಲಿಗೆ ಏರಿಯ ತಲೆಯ ಮೇಲಿಂದ ಸೈಫನ್ ಹಾಕಿದೆವು, ಅಂದರೆ ನೀರನ್ನು ಮೇಲಕ್ಕೆ ಎಳೆದು ಆಚೆ ಇಳಿಸುವ ಕೊಳವೆ. ಆರು ಇಂಚು ವ್ಯಾಸದ, ದಪ್ಪ ಗೋಡೆಯ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪ್. ಏರಿ ಕೊರೆಯುವ ಗೋಜಿಲ್ಲ. ತೆಳು ಪಿವಿಸಿ ಬೇಡ, ಒಳಗಿನ ಎಳೆತಕ್ಕೆ ಚಪ್ಪಟೆಯಾಗುತ್ತದೆ. ಪೂರ್ತಿ ಬಿಟ್ಟರೆ ದಿನಕ್ಕೆ ನಾಲ್ಕೈದು ಸಾವಿರ ಘನಮೀಟರ್ ಇಳಿಸುತ್ತದೆ. ತುರ್ತು ಇಲ್ಲದಿದ್ದರೆ ದಿನಕ್ಕೆ ಒಂದು ಅಡಿಗಿಂತ ಜಾಸ್ತಿ ಇಳಿಸುವುದಿಲ್ಲ. ನೀರು ಬೇಗ ಇಳಿದರೆ ಏರಿಯ ನೀರಿನ ಕಡೆಯ ಒದ್ದೆಯಾದ ಒಳಮೈ ಜಾರಿ ಬೀಳಬಹುದು. ಮೇ ಕೊನೆಗೆ ಕೆರೆಯನ್ನು ಕೋಡಿಗಿಂತ ಒಂದು ಮೀಟರ್ ಕೆಳಗೆ ತರುತ್ತೇವೆ. ಆಗ ದೋಣಿಗಳು ದಡದಲ್ಲೇ ಇರುತ್ತವೆ, ಮಕ್ಕಳು ಗೊಣಗುತ್ತಾರೆ. ಸೆಪ್ಟೆಂಬರಿನ ಮಳೆಗೆ ಕೆರೆ ಹೇಗೂ ತುಂಬುತ್ತದೆ, ಆಗ ದೋಣಿ ಬಿಡೋಣ ಎಂದು ಹೇಳಿ ಒಪ್ಪಿಸಿದ್ದೇನೆ.