ಹೆರೆಸ್‌ನ ಬಿಳಿ ಮಣ್ಣಿನಲ್ಲಿ ಚೌಕುಮಡಿ

ದಕ್ಷಿಣ ಸ್ಪೇನಿನ ಹೆರೆಸ್‌ನಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 600 ಮಿ.ಮೀ. ಮಳೆ. ನಮ್ಮ ವಿಜಯಪುರದ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ. ಆದರೆ ನಮ್ಮಲ್ಲಿ ಡ್ರಿಪ್ ಇಲ್ಲದೆ ದ್ರಾಕ್ಷಿ ಬೆಳೆಯುವ ಮಾತೇ ಇಲ್ಲ. ಹೆರೆಸ್‌ನಲ್ಲಿ ನಾನು ಕೆಲಸಕ್ಕೆ ಸೇರಿದ ವೈನ್ ದ್ರಾಕ್ಷಿ ತೋಟದಲ್ಲಿ ಪೈಪೇ ಇರಲಿಲ್ಲ. ಅಲ್ಲಿಯ ಮಳೆ ಬಹುಪಾಲು ಬೀಳುವುದು ಚಳಿಗಾಲದಲ್ಲಿ, ಬಳ್ಳಿ ಎಲೆ ಉದುರಿಸಿ ಮಲಗಿರುವಾಗ. ಕಾಯಿ ತುಂಬುವ ಜುಲೈನಲ್ಲಿ ಆಕಾಶ ಬರೀ ನೀಲಿ.

ಫೋನಿನಲ್ಲಿ ಹೇಳಿದರೆ ಅಪ್ಪ ನಂಬಲಿಲ್ಲ. “ಹಂಗಾದ್ರ ಬಳ್ಳಿ ಏನು ಕುಡೀತಾವೋ ತಮ್ಮಾ?”

ಉತ್ತರ ಮಣ್ಣಿನಲ್ಲಿತ್ತು. ಅಲ್ಬಾರಿಸಾ ಅಂತಾರೆ. ಒಂದು ಕಾಲದ ಕಡಲ ತಳ; ಕಣ್ಣಿಗೆ ಕಾಣದ ಜೀವಿಗಳ ಚಿಪ್ಪು, ಸುಣ್ಣ, ಜೇಡಿ ಸೇರಿ ಆದದ್ದು. ಮಧ್ಯಾಹ್ನ ಕಣ್ಣು ಕುಕ್ಕುವಷ್ಟು ಬಿಳಿ. ನಮ್ಮ ಕಪ್ಪು ಎರೆಮಣ್ಣೂ ನೀರು ಹಿಡಿಯುತ್ತದೆ, ಹಿಂಗಾರಿ ಜೋಳ ನಿಂತಿರುವುದೇ ಆ ಹಸಿಯ ಮೇಲೆ. ಆದರೆ ಬಿಸಿಲು ಏರಿದಂತೆ ಎರೆ ಬಿರಿದು, ಬಿರುಕಿನಿಂದಲೇ ಹಸಿ ಹಾರಿಹೋಗುತ್ತದೆ. ಅಲ್ಬಾರಿಸಾ ಬಿರಿಯುವ ಬದಲು ಮೇಲೆ ಗಟ್ಟಿ ಹೆಕ್ಕಳಿಕೆ ಕಟ್ಟಿಕೊಂಡು ಒಳಗಿನ ತೇವ ಮುಚ್ಚಿಡುತ್ತದೆ. ಜುಲೈ ಬಿಸಿಲಿನಲ್ಲಿ ಒಂದು ಸಾಲಿನ ಪಕ್ಕ ಮೊಳಕೈ ಆಳ ಅಗೆದು ನೋಡಿದೆ: ಮೇಲೆ ಸಿಮೆಂಟು, ಕೆಳಗೆ ಮುಷ್ಟಿ ಕಟ್ಟಿದರೆ ಉಂಡೆಯಾಗಿ ನಿಲ್ಲುವ ತಂಪು ಮಣ್ಣು.

ಆ ನೀರನ್ನು ತುಂಬಿಸುವ ಕೆಲಸಕ್ಕೆ ಅಸೆರ್ಪಿಯ ಎಂದು ಹೆಸರು. ಕೊಯ್ಲು ಮುಗಿದ ಮೇಲೆ ಇಳಿಜಾರಿನ ಸಾಲುಗಳ ನಡುವೆ ಬದು ಏರಿಸಿ ಮಡಿ ಮಾಡುವುದು, ಮಳೆನೀರು ಅಲ್ಲೇ ನಿಂತು ಇಂಗಲಿ ಎಂದು. ಹೆಚ್ಚಿನದು ಟ್ರ್ಯಾಕ್ಟರ್ ಮಾಡುತ್ತದೆ, ಸಾಲಿನ ತುದಿಗಳಲ್ಲಿ ಸಲಿಕೆಯೇ ಗತಿ. ನನಗೆ ಯಾರೂ ಕಲಿಸಬೇಕಾಗಲಿಲ್ಲ, ಇದು ನಮ್ಮ ಚೌಕುಮಡಿಯೇ. ಫೋಟೋ ಕಳಿಸಿದ ಮೇಲೆ ಅಪ್ಪನಿಗೂ ಸಮಾಧಾನವಾಯಿತು.

ಇಷ್ಟು ಸುಣ್ಣದ ಮಣ್ಣಿನಲ್ಲಿ ಬಳ್ಳಿಗೆ ಕಬ್ಬಿಣ ಸಿಗದೆ ಎಲೆ ಹಳದಿಯಾಗುತ್ತದೆ. ನಾವು ಡಾಗ್ರಿಜ್ ಎಂಬ ಬೇರುಗಿಡದ ಮೇಲೆ ಕಸಿ ಕಟ್ಟುವಂತೆ ಅವರು ಸುಣ್ಣ ತಡೆಯುವ 41ಬಿ ಥರದ ಬೇರುಗಿಡ ಬಳಸುತ್ತಾರೆ. ಚಾಟ್ನಿಯ, ಅಂದರೆ ಬಳ್ಳಿ ಸವರುವ, ಕ್ರಮವೂ ಬೇರೆ: ಒಂದು ತೋಳಿನಲ್ಲಿ ಸುಮಾರು ಎಂಟು ಕಣ್ಣಿನ (ಚಿಗುರುವ ಮೊಗ್ಗಿನ) ಉದ್ದ ಕಡ್ಡಿ, ಇನ್ನೊಂದರಲ್ಲಿ ಒಂದೆರಡು ಕಣ್ಣಿನ ಗಿಡ್ಡ ಮೋಟು. ಮರುವರ್ಷ ಅದಲುಬದಲು.

ಅಲ್ಲಿಯ ದ್ರಾಕ್ಷಿ ತಳಿ ಪಲೊಮಿನೊ. ಅದರ ಹಣ್ಣಿಗೆ ಸ್ವಂತ ರುಚಿ ಕಡಿಮೆ, ನಿಜ ಹೇಳಬೇಕೆಂದರೆ ತಿನ್ನಲು ಸಪ್ಪೆ. ಹಾಗಾಗಿಯೇ ಮಣ್ಣು, ಗಾಳಿಗಳ ಗುರುತು ಅದರಲ್ಲಿ ಎದ್ದು ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ. ಕಡಲಿಗೆ ಹತ್ತಿರದ ಬಾಲ್ಬೈನಾ ಗುಡ್ಡದ ವೈನ್ ಹಗುರ, ಒಳನಾಡಿನ ಮಾಚಾರ್ನುದೊದ್ದು ಮೈತುಂಬಿದ್ದು.

ಗಾಳಿಯ ಕೆಲಸ ವೈನ್ ಪೀಪಾಯಿಗೆ ಹೋದ ಮೇಲೂ ನಿಲ್ಲುವುದಿಲ್ಲ. ಫೀನೊ ಎಂಬ ಬಗೆಯ ಶೆರ್ರಿ ಆಗಬೇಕಾದ ವೈನಿಗೆ ಮದ್ಯಸಾರ ಸೇರಿಸಿ 15% ಗೆ ತರುತ್ತಾರೆ. ಪೀಪಾಯಿ ಪೂರ್ತಿ ತುಂಬಿಸುವುದಿಲ್ಲ. ಮೇಲೆ ಫ್ಲೋರ್ ಎಂಬ ಯೀಸ್ಟಿನ ಕೆನೆ ಕಟ್ಟಿ ವೈನಿಗೆ ಗಾಳಿ ತಗಲದಂತೆ ಕಾಯುತ್ತದೆ. ಅದಕ್ಕೆ ತಂಪೂ ತೇವವೂ ಬೇಕು. ಗ್ವಾದಲ್ಕಿವಿರ್ ನದಿ ಕಡಲು ಸೇರುವ ಸಾನ್‌ಲೂಕಾರ್‌ನಲ್ಲಿ ಅದು ವರ್ಷವಿಡೀ ದಪ್ಪ, ಅಲ್ಲಿಯ ವೈನೇ ಮಾನ್ಸಾನಿಯಾ. ಹೆರೆಸ್‌ನಲ್ಲಿ ನಡುಬೇಸಿಗೆಗೆ ತೆಳುವಾಗುತ್ತದೆ. ಪೂರ್ವದಿಂದ ಲೆವಾಂತೆ ಬಿಸಿಗಾಳಿ ಎದ್ದ ದಿನ ಉಗ್ರಾಣದ ಮಣ್ಣು ನೆಲಕ್ಕೆ ನೀರು ಚಿಮುಕಿಸಿ ಕಿಟಕಿಯ ಹುಲ್ಲುಚಾಪೆ ಇಳಿಬಿಡುತ್ತಿದ್ದೆವು. ಪಶ್ಚಿಮದ ಪೊನಿಯೆಂತೆ ತಿರುಗಿತೆಂದರೆ ಕಡಲ ಕಡೆಯ ಕಿಟಕಿಗಳನ್ನು ರಾತ್ರಿಯಿಡೀ ತೆರೆದಿಡುವುದು.